ಒಂದೇ ಮುಳ್ಳಿನ ಕೈಗಡಿಯಾರ ಎಷ್ಟು ಸರಿ?

ಪ್ರಶ್ನೆ: ನಮ್ಮ ತಂದೆಯವರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಗಂಟೆ ಮುಳ್ಳು ಮಾತ್ರ ಇರುವ ಕೈಗಡಿಯಾರವೊಂದನ್ನು ಅವರಿಗೆ ಉಡುಗೊರೆ ಕೊಡಬೇಕೆಂದು ನನಗೆ ಆಸೆ. "ಸರಿಯಾದ ಸಮಯ ತೋರಿಸದ ಗಡಿಯಾರಕ್ಕೆ ದುಡ್ಡು ಸುರಿಯುವುದೇಕೆ" ಎಂದು ಅಣ್ಣ ಆಕ್ಷೇಪಿಸುತ್ತಿದ್ದಾನೆ. ಇಂಥ ಗಡಿಯಾರದಲ್ಲಿ ಸಮಯವನ್ನು ನಿಜವಾಗಿ ಎಷ್ಟರಮಟ್ಟಿಗೆ ಓದಬಹುದು? ಮನೆಯಲ್ಲಿ ತಾತನವರ ಹಳೆಯ ಎಚ್‌ಎಂಟಿ ಜನತಾ ಇದೆ. ಅದರ ನಿಮಿಷದ ಮುಳ್ಳನ್ನು ತೆಗೆಸಿಬಿಟ್ಟರೆ ಅದೇ ಒಂದು ಮುಳ್ಳಿನ ಗಡಿಯಾರ ಆಗುವುದಿಲ್ಲವೇ?

ಉತ್ತರ: ನಿಮ್ಮ ಅಣ್ಣನವರ ಆಕ್ಷೇಪದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ, ಮೊದಲು ಅವನ್ನು ಬಿಡಿಸಿಕೊಳ್ಳೋಣ. ಗಡಿಯಾರದ ಒಳಗಿನ ಮೆಷಿನ್ ಎಷ್ಟು ಸರಿಯಾಗಿ ನಡೆಯುತ್ತದೆ ಎಂಬುದು ಒಂದು. ಆ ನಡೆಯನ್ನು ಹೊರಗಿನಿಂದ ನಾವು ಎಷ್ಟು ಸೂಕ್ಷ್ಮವಾಗಿ ಓದಬಲ್ಲೆವು ಎಂಬುದು ಇನ್ನೊಂದು. ಇಂದು ಮಾರಾಟವಾಗುವ ಒಂದು ಮುಳ್ಳಿನ ಗಡಿಯಾರಗಳೊಳಗೆ ಇರುವುದು ಮೂರು ಮುಳ್ಳಿನ ಗಡಿಯಾರಗಳಲ್ಲಿರುವಂಥದೇ ಮೆಷಿನ್, ಆದ್ದರಿಂದ ನಡೆಯಲ್ಲಿ ಅವು ಯಾವ ಗಡಿಯಾರಕ್ಕೂ ಕಡಿಮೆಯಲ್ಲ. ಒರಟಾಗಿರುವುದು ಓದು ಮಾತ್ರ, ಅದನ್ನು ಹಾಗೆ ಮಾಡಿರುವುದೂ ಉದ್ದೇಶಪೂರ್ವಕವಾಗಿಯೇ. ತಪ್ಪು ಸಮಯ ತೋರಿಸುವ ಗಡಿಯಾರಕ್ಕೂ ಸಮಯವನ್ನು ಸ್ಥೂಲವಾಗಿ ತೋರಿಸುವ ಗಡಿಯಾರಕ್ಕೂ ಬಹಳ ಅಂತರವಿದೆ.

ಇದನ್ನು ತಿಳಿಯಲು ಹೊಸ ಗಡಿಯಾರ ಕೊಳ್ಳಬೇಕಾಗಿಲ್ಲ, ತಾತನವರ ಜನತಾ ಸಾಕು. ಅದರ ಗಂಟೆ ಮುಳ್ಳನ್ನು ಮಾತ್ರ ಗಮನಿಸಿ. ಡಯಲಿನ ಅಂಚಿನಲ್ಲಿ ಅರವತ್ತು ಗೆರೆಗಳಿವೆ. ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಐದು ಗೆರೆ ದಾಟುತ್ತದೆ, ಎಂದರೆ ಒಂದೊಂದು ಗೆರೆಗೆ 12 ನಿಮಿಷ. ಮುಳ್ಳು ನಾಲ್ಕನ್ನು ದಾಟಿ ಎರಡನೆಯ ಗೆರೆಯ ನೇರಕ್ಕೆ ಬಂದಿದ್ದರೆ ಗಂಟೆ ನಾಲ್ಕು ದಾಟಿ 24 ನಿಮಿಷ. ಎರಡು ಗೆರೆಗಳ ನಡುವೆ ಇದ್ದರೆ ಆರು ನಿಮಿಷ ಸೇರಿಸಿಕೊಂಡರಾಯಿತು. ಗಂಟೆ ಮುಳ್ಳು ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ ನೆಗೆಯುವುದಿಲ್ಲ, ಬಿಡುವಿಲ್ಲದೆ ತೆವಳುತ್ತಲೇ ಇರುತ್ತದೆ; ಆದ್ದರಿಂದ ನಿಮಿಷದ ಮುಳ್ಳು ಹೇಳುವುದೆಲ್ಲವೂ ತಾತ್ವಿಕವಾಗಿ ಅದರಲ್ಲಿಯೇ ಅಡಗಿದೆ. ನಿಮಿಷದ ಮುಳ್ಳು ಮಾಡುವ ಕೆಲಸವೆಂದರೆ ಆ ಚಲನೆಯನ್ನೇ ಹನ್ನೆರಡು ಪಟ್ಟು ಹಿಗ್ಗಿಸಿ ತೋರಿಸುವುದು, ಅಷ್ಟೇ. ದಿನವೂ ಗಡಿಯಾರ ನೋಡುವವರಲ್ಲಿಯೂ ಬಹಳ ಜನ ಇದನ್ನು ಗಮನಿಸಿರುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ಕೈಗಡಿಯಾರದ ಮುಳ್ಳಿನ ತುದಿ ನಡುವಿನಿಂದ 16 ಮಿಲಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ; ಅದು ಸುತ್ತುವ ವೃತ್ತದ ಉದ್ದ ಸುಮಾರು 100 ಮಿಲಿಮೀಟರ್. ನಿಮಿಷದ ಮುಳ್ಳು ಈ ದಾರಿಯನ್ನು ಒಂದು ಗಂಟೆಯಲ್ಲಿ ಸವೆಸುವುದರಿಂದ ನಿಮಿಷಕ್ಕೆ 1.7 ಮಿಲಿಮೀಟರಿನಷ್ಟು ಸಾಗುತ್ತದೆ. ಹನ್ನೆರಡು ಗಂಟೆಗೆ ಒಂದು ಸುತ್ತು ಬರುವ ಮುಳ್ಳು ನಿಮಿಷಕ್ಕೆ ಸಾಗುವುದು 0.14 ಮಿಲಿಮೀಟರ್, ಹೆಚ್ಚುಕಡಿಮೆ ಕಾಗದದ ಒಂದು ಹಾಳೆಯ ದಪ್ಪ. ಐದು ನಿಮಿಷಕ್ಕೆ 0.7 ಮಿಲಿಮೀಟರ್ ಆಗುತ್ತದೆ, ಅದನ್ನು ಕಣ್ಣು ಆರಾಮವಾಗಿ ಹಿಡಿಯಬಲ್ಲದು. ಒಂದು ಮುಳ್ಳಿನ ಗಡಿಯಾರಗಳ ಡಯಲಿನಲ್ಲಿ ಸಾಮಾನ್ಯವಾಗಿ ಗಂಟೆಗೆ ಹನ್ನೆರಡರಂತೆ ಒಟ್ಟು 144 ಗೆರೆಗಳಿರುವುದಕ್ಕೆ ಇದೇ ಕಾರಣ: ಒಂದೊಂದು ಗೆರೆ ಐದೈದು ನಿಮಿಷ. ಇದಕ್ಕಿಂತ ಒತ್ತಾಗಿ ಗೆರೆ ಎಳೆದರೆ ಡಯಲು ಬೂದು ಬಣ್ಣದ ಪಟ್ಟಿಯಂತೆ ಕಾಣುತ್ತದೆ. ಇದಕ್ಕಿಂತ ವಿರಳವಾದರೆ ಊಹೆಯ ಪಾಲು ಹೆಚ್ಚಾಗುತ್ತದೆ. ಅಭ್ಯಾಸವಾದ ಕಣ್ಣು ಎರಡು ಗೆರೆಗಳ ನಡುವಿನ ಅರ್ಧವನ್ನು ಗುರುತಿಸುವುದರಿಂದ ಓದಿನ ತಪ್ಪು ಎರಡು ಮೂರು ನಿಮಿಷದೊಳಗೆ ಉಳಿಯುತ್ತದೆ.

ಆದರೆ ಕಾಗದದ ಮೇಲಿನ ಈ ಲೆಕ್ಕ ಕೈಯ ಮೇಲೆ ಹಾಗೆಯೇ ನಿಲ್ಲುವುದಿಲ್ಲ. ಎರಡು ಕಾರಣಗಳಿವೆ, ಅಂಗಡಿಯಲ್ಲಿ ಇವನ್ನು ಯಾರೂ ನಿಮಗೆ ಹೇಳುವುದಿಲ್ಲ. ಮುಳ್ಳು ಡಯಲಿಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ಮೇಲೆ ತೇಲುತ್ತಿರುತ್ತದೆ. ಆ ಎತ್ತರ 0.8 ಮಿಲಿಮೀಟರ್ ಇದ್ದು, ನೀವು ಮುಳ್ಳಿಗೆ ಅಡ್ಡ ದಿಕ್ಕಿನಿಂದ 25 ಡಿಗ್ರಿ ಓರೆಯಾಗಿ ನೋಡಿದರೆ, ಮುಳ್ಳಿನ ತುದಿ ಸುಮಾರು 0.37 ಮಿಲಿಮೀಟರ್ ಸರಿದಂತೆ ಕಾಣುತ್ತದೆ. ನಿಮಿಷದ ಮುಳ್ಳಿಗೆ ಅದು ಹದಿಮೂರು ಹದಿನಾಲ್ಕು ಸೆಕೆಂಡಿನ ವ್ಯತ್ಯಾಸ, ಯಾರ ಗಮನಕ್ಕೂ ಬಾರದು. ಒಂದೇ ಮುಳ್ಳಿಗೆ ಅದು ಎರಡೂವರೆ ನಿಮಿಷ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಕಾಣುವ ಸಮಯಕ್ಕೂ ಮೇಜಿನ ಮುಂದೆ ಕುಳಿತಾಗ ಕಾಣುವ ಸಮಯಕ್ಕೂ ಹೀಗೆ ಅರ್ಧ ಗೆರೆಯಷ್ಟು ಅಂತರ ಬರಬಹುದು.

ಎರಡನೆಯದು ಗಾಲಿಗಳ ಸಡಿಲ. ಸಾಮಾನ್ಯ ಮೆಷಿನ್‌ನಲ್ಲಿ ನಿಮಿಷದ ಮುಳ್ಳು ಕೂರುವ ಸಣ್ಣ ಗಾಲಿಯಿಂದ, ನಡುವಿನ ಇನ್ನೊಂದು ಗಾಲಿಯ ಮೂಲಕ, ಗಂಟೆ ಗಾಲಿಗೆ ಚಲನೆ ತಲುಪುತ್ತದೆ. ಹನ್ನೆರಡು ಸುತ್ತು ಒಂದು ಸುತ್ತಾಗುವುದು ಇಲ್ಲಿಯೇ. ಹಲ್ಲುಗಳು ಒಂದಕ್ಕೊಂದು ಬಿಗಿದುಕೊಳ್ಳದಿರಲಿ ಎಂದು ನಡುವೆ ಕೂದಲೆಳೆಯಷ್ಟು ಜಾಗ ಬಿಡಲೇಬೇಕು. ಆ ಜಾಗದಿಂದ ಗಂಟೆ ಮುಳ್ಳು ಒಂದು ಡಿಗ್ರಿ ಅತ್ತಿತ್ತ ಅಲುಗಾಡಿದರೆ ಎರಡು ನಿಮಿಷದ ವ್ಯತ್ಯಾಸ. ಮೂರು ಮುಳ್ಳಿನ ಗಡಿಯಾರದಲ್ಲಿ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಗಂಟೆ ಮುಳ್ಳನ್ನು ನಿಮಿಷಕ್ಕಾಗಿ ಯಾರೂ ಕೇಳುವುದಿಲ್ಲ. ಒಂದೇ ಮುಳ್ಳಿನದರಲ್ಲಿ ಕೇಳುವುದೆಲ್ಲ ಅದನ್ನೇ. ಮೇಲಾಗಿ ಗಂಟೆ ಗಾಲಿ ತನ್ನ ಜಾಗದಲ್ಲಿ ಹಗುರವಾಗಿ ಕೂತಿರುತ್ತದೆ. ಅದರ ಮೇಲೆ ಉದ್ದನೆಯ, ತೂಕದ ಮುಳ್ಳನ್ನು ಹಾಕಿದರೆ ಕೈ ತಿರುವಿದಾಗಲೆಲ್ಲ ತುದಿ ತೂಗಾಡುತ್ತದೆ. ಆದ್ದರಿಂದ ಒಳ್ಳೆಯ ತಯಾರಕರು ಮುಳ್ಳನ್ನು ತೆಳುವಾಗಿ ಮಾಡಿ ಬಾಲದ ಕಡೆ ತೂಕ ಸರಿದೂಗಿಸುತ್ತಾರೆ, ಗಾಲಿಯ ಸಡಿಲವನ್ನೂ ಹಿಡಿತದಲ್ಲಿಡುತ್ತಾರೆ. ಅಗ್ಗದ ಗಡಿಯಾರವನ್ನು ಪರೀಕ್ಷಿಸುವ ಸುಲಭ ಉಪಾಯ ಹೇಳುತ್ತೇನೆ: ಮುಳ್ಳು ಮೂರರ ಆಸುಪಾಸಿನಲ್ಲಿರುವಾಗ ಗಡಿಯಾರವನ್ನು ನೆಟ್ಟಗೆ ಹಿಡಿದು ನೋಡಿ, ಬಳಿಕ ತಲೆಕೆಳಗು ಮಾಡಿ ನೋಡಿ. ತುದಿ ಒಂದು ಗೆರೆಯಷ್ಟು ಜಾರಿದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಇದನ್ನೆಲ್ಲ ಹೊಸ ಕಾಲದ ಷೋಕಿ ಎಂದು ತಳ್ಳಿಹಾಕುವವರು ಗಡಿಯಾರದ ಚರಿತ್ರೆಯನ್ನು ತಿರುಗುಮುರುಗು ಓದಿದ್ದಾರೆ. ಯುರೋಪಿನ ಯಾಂತ್ರಿಕ ಗಡಿಯಾರಗಳಿಗೆ ಮೊದಲು ಇದ್ದದ್ದೇ ಒಂದು ಮುಳ್ಳು. ಹದಿನೇಳನೆಯ ಶತಮಾನದ ನಡುಭಾಗದವರೆಗೂ ದಿನಕ್ಕೆ ಕಾಲು ಗಂಟೆ ಹಿಂದುಮುಂದಾಗುವುದು ಸಾಮಾನ್ಯವಾಗಿದ್ದ ಯಂತ್ರಕ್ಕೆ ನಿಮಿಷದ ಮುಳ್ಳು ಹಾಕುವುದೆಂದರೆ, ಅದಕ್ಕೆ ತಿಳಿಯದ ವಿಷಯವನ್ನು ಅದರ ಬಾಯಿಂದ ಹೇಳಿಸಿದಂತೆ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿ, 1675ರಲ್ಲಿ ಜೇಬುಗಡಿಯಾರಕ್ಕೆ ನಡೆಯನ್ನು ಹದದಲ್ಲಿಡುವ, ಕೂದಲೆಳೆಯಂಥ ಸುರುಳಿ ಸ್ಪ್ರಿಂಗನ್ನು ಅಳವಡಿಸಿದ ಮೇಲೆಯೇ ನಿಮಿಷ ಎಂಬುದು ನಂಬಬಹುದಾದ ಸಂಗತಿಯಾಗಿ, ಎರಡನೆಯ ಮುಳ್ಳು ಎಲ್ಲೆಡೆ ಕಾಣಿಸಿಕೊಂಡಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಗೋಪುರದ ಗಡಿಯಾರಕ್ಕೂ, ಲಿಂಕನ್‌ಷೈರಿನ ಕೋನಿಂಗ್ಸ್‌ಬಿ ಎಂಬ ಊರಿನ ಚರ್ಚಿನ ಭಾರಿ ಗಡಿಯಾರಕ್ಕೂ ಇಂದಿಗೂ ಒಂದೇ ಮುಳ್ಳು.

ನಿಮ್ಮ ಅಣ್ಣನವರಿಗೆ ತೋರಿಸಬೇಕಾದ ಉದಾಹರಣೆ ಅಬ್ರಹಾಂ-ಲೂಯಿ ಬ್ರೆಗೆ. ನಿಖರತೆಗೆ ಅವನಷ್ಟು ಹೆಸರಾದ ಗಡಿಯಾರಗಾರ ಇನ್ನೊಬ್ಬನಿಲ್ಲ. ಫ್ರಾನ್ಸಿನ ಕ್ರಾಂತಿಯ ಬಳಿಕ ವ್ಯಾಪಾರ ಮತ್ತೆ ಚಿಗುರಬೇಕಿದ್ದ ಕಾಲದಲ್ಲಿ, 1797ರಲ್ಲಿ, ಅವನು ಕರಪತ್ರ ಅಚ್ಚು ಹಾಕಿಸಿ ಗಟ್ಟಿಯಾದ, ಸರಳವಾದ ಒಂದು ಜೇಬುಗಡಿಯಾರವನ್ನು ಪ್ರಕಟಿಸಿದ. ಬೆಲೆಯ ಕಾಲು ಭಾಗವನ್ನು ಮುಂಗಡ ಕಟ್ಟಿದವರಿಗೆ ಅದನ್ನು ಮಾಡಿಕೊಡುತ್ತಿದ್ದ. ಅದಕ್ಕೆ ಇದ್ದದ್ದು ಒಂದೇ ಮುಳ್ಳು. ನಿಮಿಷ ತೋರಿಸಲು ಬಾರದೆ ಅವನು ಹಾಗೆ ಮಾಡಿದ್ದಲ್ಲ. ಗಾಲಿಗಳು ಕಡಿಮೆಯಾದರೆ ಕೆಡುವುದೂ ಕಡಿಮೆ, ಬೆಲೆಯೂ ಇಳಿಯುತ್ತದೆ ಎಂಬ ಲೆಕ್ಕಾಚಾರ ಅದು. ಆದರೆ ಓದು ಕೆಡಬಾರದೆಂದು ಗಡಿಯಾರವನ್ನು ಸುಮಾರು 61 ಮಿಲಿಮೀಟರ್ ಅಗಲ ಮಾಡಿದ, ಐದೈದು ನಿಮಿಷದ ಗೆರೆಗಳು ಪರಸ್ಪರ ದೂರ ಸರಿದುಕೊಂಡವು. ಮೇಲೆ ಹೇಳಿದ ಲೆಕ್ಕ ಬ್ರೆಗೆಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಆ ಅಗಲವೇ ಸಾಕ್ಷಿ.

ಕೈಗಡಿಯಾರದ ಕಾಲಕ್ಕೆ ಬಂದರೆ, ಜರ್ಮನಿಯ ವಿನ್ಯಾಸಕಾರ ಕ್ಲಾಸ್ ಬೋಟ್ಟಾ 1986ರಲ್ಲಿ 'ಊನೋ' ಎಂಬ ಒಂದು ಮುಳ್ಳಿನ ಗಡಿಯಾರವನ್ನು ರೂಪಿಸಿದರು. 2001ರಲ್ಲಿ ಮ್ಯೂನ್‌ಸ್ಟರ್ ನಗರದಲ್ಲಿ ಮಾನ್‌ಫ್ರೆಡ್ ಬ್ರಾಸ್ಲರ್ ಆರಂಭಿಸಿದ ಮೈಸ್ಟರ್‌ಸಿಂಗರ್ ಕಂಪನಿ ಇದನ್ನೇ ತನ್ನ ಗುರುತಾಗಿಸಿಕೊಂಡಿತು. 01, 02 ಎಂದು ಎರಡಂಕಿಯಲ್ಲಿ ಬರೆದ ಸಂಖ್ಯೆಗಳು, ಸೂಜಿಯಂಥ ಮುಳ್ಳು, 144 ಗೆರೆಗಳು, ನೋಡಿದರೆ ಕಾರ್ಖಾನೆಯ ಒತ್ತಡಮಾಪಕದ ನೆನಪಾಗುತ್ತದೆ. ಒಳಗೆ ಸ್ವಿಟ್ಜರ್ಲೆಂಡಿನ ಮೆಷಿನ್. ಬೆಲಾರೂಸಿನ ಮಿನ್ಸ್ಕ್ ನಗರದ ಲೂಚ್ ಕಾರ್ಖಾನೆಯದು ಇದಕ್ಕಿಂತ ಬಹಳ ಅಗ್ಗ, ಕೀ ಕೊಡುವಂಥದು. ಇಂಥ ಕೀ ಕೊಡುವ ಗಡಿಯಾರ ದಿನಕ್ಕೆ ಹತ್ತು ಸೆಕೆಂಡು ಹಿಂದೆ ಬಿದ್ದರೂ, ಮುಳ್ಳು ಒಂದು ಗೆರೆ ಹಿಂದುಳಿಯಲು ಒಂದು ತಿಂಗಳು ಬೇಕು. ಕ್ವಾರ್ಟ್ಸ್ ಗಡಿಯಾರದ ಜೊತೆ ಸೆಕೆಂಡು ಸೆಕೆಂಡಿಗೆ ಹೋಲಿಸಿ ಕೊರಗುವ ಚಟ ಈ ಗಡಿಯಾರದ ಮುಂದೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಸ್ಲೋ ಎಂಬ ಹೆಸರಿನ ಸ್ವಿಸ್ ಗಡಿಯಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಮುಳ್ಳು 24 ಗಂಟೆಗೆ ಒಂದೇ ಸುತ್ತು ಬರುತ್ತದೆ, ಮಧ್ಯಾಹ್ನ ಹನ್ನೆರಡು ನೆತ್ತಿಯಲ್ಲಿ, ನಡುರಾತ್ರಿ ಕೆಳಗೆ. ನಿಮಿಷಕ್ಕೆ 0.07 ಮಿಲಿಮೀಟರ್ ಮಾತ್ರ ಸರಿಯುವ ಈ ಮುಳ್ಳಿನಲ್ಲಿ ಕಾಲು ಗಂಟೆಗಿಂತ ಸೂಕ್ಷ್ಮವಾಗಿ ಓದುವ ಹಟ ಬೇಡ. ಆದರೆ ಬೇರೊಂದು ಸೊಗಸಿದೆ: ನೀವು ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಮುಳ್ಳು ಬೆಳಿಗ್ಗೆ ಎಡಕ್ಕೆ, ಮಧ್ಯಾಹ್ನ ಮೇಲಕ್ಕೆ, ಸಂಜೆ ಬಲಕ್ಕೆ ಇರುತ್ತದೆ, ಸೂರ್ಯ ಇದ್ದಂತೆಯೇ. ಹಾಗೆಂದು ಕರಾರುವಾಕ್ಕಾಗಿ ಹೊಂದುವುದಿಲ್ಲ. ಭಾರತದ ಪ್ರಮಾಣ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ನಾವು ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೇರುವುದು ಸರಾಸರಿ 12 ಗಂಟೆ 20 ನಿಮಿಷದ ಹೊತ್ತಿಗೆ, ಮಂಗಳೂರಿನಲ್ಲಿ ಹನ್ನೆರಡೂವರೆಗೆ. ನಿಮಿಷದ ಬಗ್ಗೆ ಬಿಗಿಯಾಗಿ ವಾದಿಸುವವರ ಗಡಿಯಾರವೂ ಆಕಾಶದೊಂದಿಗೆ ಅರ್ಧ ಗಂಟೆ ಜಗಳವಾಡುತ್ತಲೇ ಇದೆ ಎಂಬುದನ್ನು ಪ್ರಸಂಗವಶಾತ್ ಹೇಳಿದೆ.

ಇಲ್ಲಿ ನಮ್ಮ ಹಳೆಯ ಅಳತೆಯೊಂದು ತಾನಾಗಿ ಬಂದು ಕೂರುತ್ತದೆ. ಒಂದು ದಿನಕ್ಕೆ 60 ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಅರವತ್ತು ಗೆರೆಗಳ ಸಾಧಾರಣ ಡಯಲಿನ ಮೇಲೆ 24 ಗಂಟೆಗೆ ಒಂದು ಸುತ್ತು ಬರುವ ಮುಳ್ಳನ್ನು ಕೂರಿಸಿದರೆ ಒಂದೊಂದು ಗೆರೆಯೂ ಒಂದೊಂದು ಘಳಿಗೆ. ಏಳೂವರೆ ಗೆರೆಗೆ ಒಂದು ಜಾವ. ತಾತನವರ ಜನತಾದ ಗಂಟೆ ಮುಳ್ಳಿನಲ್ಲಿ ಎರಡು ಗೆರೆಗೆ ಒಂದು ಘಳಿಗೆ. ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲ, ಅರವತ್ತರ ಲೆಕ್ಕ ಎರಡೂ ಕಡೆ ಇರುವುದರಿಂದ ಹಾಗೆ ಕೂಡಿಬರುತ್ತದೆ. ಆದರೂ ಮೊದಲ ಬಾರಿ ಲೆಕ್ಕ ಹಾಕಿದಾಗ ನನಗೆ ಖುಷಿಯಾದದ್ದು ನಿಜ.

ನಮ್ಮ ಮಾತಿನ ರೂಢಿಯೂ ಒಂದು ಮುಳ್ಳಿನ ಓದಿಗೆ ಒಗ್ಗಿಕೊಂಡಿದೆ. ಮೂರೂಕಾಲು, ಮೂರೂವರೆ, ಮೂರೂಮುಕ್ಕಾಲು ಎನ್ನುವಾಗ ನಾವು ಎಣಿಸುವುದು ಕಳೆದ ಗಂಟೆಯಿಂದ. ಇಂಗ್ಲಿಷಿನವರಂತೆ ಮೂರೂಮುಕ್ಕಾಲನ್ನು ನಾಲ್ಕಕ್ಕೆ ಕಾಲು ಕಡಿಮೆ ಎಂದು ಮುಂದಿನಿಂದ ಎಣಿಸುವುದಿಲ್ಲ. ಒಂದು ಮುಳ್ಳಿನ ಡಯಲಿನಲ್ಲಿ ಕಣ್ಣಿಗೆ ಕಾಣುವುದೂ ಅದೇ: ಮೂರನ್ನು ದಾಟಿ ಮುಕ್ಕಾಲು ದಾರಿ ನಡೆದಿರುವ ಮುಳ್ಳು. ಸಮಯವನ್ನು ಅಕ್ಷರಗಳಲ್ಲಿ ಬೆಳಗಿಸಿ ತೋರಿಸುವ ಗಡಿಯಾರಗಳೂ ಇವೆ. ಜರ್ಮನಿಯ ಬೀಗರ್ಟ್ ಮತ್ತು ಫುಂಕ್ ಕಂಪನಿ 2009ರಲ್ಲಿ ಹೊರತಂದ ಕ್ಲಾಕ್‌ಟೂ ಎಂಬ ಗೋಡೆಗಡಿಯಾರ, ಆಮೇಲೆ ಬಂದ ಅದರ ಕೈಗಡಿಯಾರ ಈ ಜಾತಿಯವು. ಪದಗಳು ಐದೈದು ನಿಮಿಷಕ್ಕೊಮ್ಮೆ ಬದಲಾಗುತ್ತವೆ. ಅಲ್ಲಿ ಮುಳ್ಳಿನ ಬದಲು ಭಾಷೆಯೇ ಸಮಯವನ್ನು ದುಂಡಗೆ ಮಾಡುತ್ತದೆ.

ಅಂದಾಜಿನ ಓದಿಗೆ ಮುಳ್ಳನ್ನು ತೆಗೆಯಲೇಬೇಕೆಂದಿಲ್ಲ, ಗೆರೆಗಳನ್ನು ಅಳಿಸಿದರೂ ಸಾಕು. ನೇಥನ್ ಜಾರ್ಜ್ ಹಾರ್ವಿಟ್ 1947ರಲ್ಲಿ ರೂಪಿಸಿದ, ಈಗ ಮೊವಾಡೊ ಕಂಪನಿಯ ಹೆಸರಿನೊಂದಿಗೆ ಬೆರೆತಿರುವ ಗಡಿಯಾರದ ಕಪ್ಪು ಡಯಲಿನಲ್ಲಿ ಹನ್ನೆರಡರ ಜಾಗದಲ್ಲಿ ಒಂದು ಚುಕ್ಕೆ ಬಿಟ್ಟರೆ ಬೇರೇನೂ ಇಲ್ಲ. ಎರಡು ಮುಳ್ಳುಗಳಿರುವುದರಿಂದ ಓದಿನ ತಪ್ಪು ಒಂದೆರಡು ನಿಮಿಷವನ್ನು ಮೀರುವುದಿಲ್ಲ. ರಷ್ಯಾದ ಕಾನ್‌ಸ್ಟಾಂಟಿನ್ ಚೈಕಿನ್ 2017ರಲ್ಲಿ ತಂದ 'ಜೋಕರ್'ನಲ್ಲಿ ಒಂದು ಕಣ್ಣಿನ ಗುಡ್ಡೆ ಗಂಟೆ ತೋರಿಸಿದರೆ ಇನ್ನೊಂದರದು ನಿಮಿಷ, ನಾಲಿಗೆ ಚಂದ್ರನ ಕಲೆ. ಅದನ್ನು ಓದುವುದಕ್ಕಿಂತ ಅದರ ಮುಖಭಾವ ನೋಡಿ ನಗುವವರೇ ಹೆಚ್ಚು. ಮುಟ್ಟಿ ಓದುವ ಗಡಿಯಾರಗಳೂ ಈ ಮನೆತನಕ್ಕೇ ಸೇರಿದವು. ಬ್ರೆಗೆ 1799ರ ಹೊತ್ತಿಗೆ ಮಾಡಿದ ಜೇಬುಗಡಿಯಾರದಲ್ಲಿ ಹೊರಮುಚ್ಚಳದ ಬಾಣವನ್ನೂ ಅಂಚಿನ ಗುಬುಟುಗಳನ್ನೂ ಬೆರಳಿನಿಂದ ತಡವಿ ಹೊತ್ತನ್ನು ಅಂದಾಜು ಮಾಡಬಹುದಿತ್ತು. ಅಫ್ಘಾನಿಸ್ತಾನದಲ್ಲಿ ದೃಷ್ಟಿ ಕಳೆದುಕೊಂಡು 2012ರ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಈಜುಗಾರ ಬ್ರಾಡ್ಲಿ ಸ್ನೈಡರ್ ಹೆಸರಿನ ಗಡಿಯಾರ ಮರುವರ್ಷ ಬಂತು. ಅದರಲ್ಲಿ ಮುಳ್ಳುಗಳ ಬದಲು ಎರಡು ಉಕ್ಕಿನ ಗುಂಡುಗಳು ಅಯಸ್ಕಾಂತದ ಸೆಳೆತದಿಂದ ಸುತ್ತುತ್ತವೆ.

ಇವುಗಳಿಂದ ನಾನು ಬೇರೆಯಾಗಿಡುವ ಒಂದು ಗುಂಪಿದೆ: ಸಮಯವನ್ನು ಬೇಕೆಂದೇ ಬಚ್ಚಿಡುವ ಗಡಿಯಾರಗಳು. 2011ರಲ್ಲಿ ಹೆರ್ಮೆಸ್ ಕಂಪನಿ ತಂದ ಒಂದು ಗಡಿಯಾರದಲ್ಲಿ ಗುಂಡಿ ಒತ್ತಿದರೆ ಮುಳ್ಳುಗಳು ಹನ್ನೆರಡರ ಬಳಿ, ನಿಜವಾದ ಯಾವ ಸಮಯವೂ ಅಲ್ಲದ ಭಂಗಿಯಲ್ಲಿ ನಿಲ್ಲುತ್ತವೆ. ಇನ್ನೊಮ್ಮೆ ಒತ್ತಿದರೆ ಸರಿಯಾದ ಸಮಯಕ್ಕೆ ಮರಳುತ್ತವೆ. ಮರೆತಂತೆ ನಟಿಸುವಾಗಲೂ ಒಳಗೆ ಲೆಕ್ಕ ನಡೆದೇ ಇರುವ ಆ ಕೌಶಲಕ್ಕೆ ತಲೆದೂಗಲೇಬೇಕು. ರೊಮೇನ್ ಜೆರೋಮ್ ಕಂಪನಿಯ 2008ರ ಗಡಿಯಾರವಾದರೋ ಈಗ ಹಗಲೋ ರಾತ್ರಿಯೋ ಎಂಬುದನ್ನು ಮಾತ್ರ ಹೇಳುತ್ತಿತ್ತು, ಬೆಲೆ ಸುಮಾರು ಮೂರು ಲಕ್ಷ ಡಾಲರ್. ಕಿಟಕಿ ತೆರೆದರೆ ಪುಕ್ಕಟೆ ತಿಳಿಯುವ ವಿಷಯವದು. ಅಣ್ಣನವರ ಆಕ್ಷೇಪ ಈ ಗುಂಪಿಗೆ ಒಪ್ಪುತ್ತದೆ, ಒಂದು ಮುಳ್ಳಿನ ಗಡಿಯಾರಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಯಾರಿಗೆ ಇದು ಬೇಡ? ನಾಡಿ ಎಣಿಸುವ ದಾದಿಯರಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ, ದಿನವೂ ರೈಲು ಹಿಡಿದು ಓಡಾಡುವವರಿಗೆ ಬೇಡ. "ಇನ್ನೆಷ್ಟು ನಿಮಿಷ ಉಳಿದಿದೆ" ಎಂದು ಕೇಳುವವರಿಗೆ ನಿಮಿಷದ ಮುಳ್ಳೇ ಬೇಕು. "ಹೊತ್ತೆಷ್ಟಾಯಿತು" ಎಂದು ಕೇಳುವವರಿಗೆ ಒಂದೇ ಮುಳ್ಳು ಸಾಕು. ರಾಹುಕಾಲ ನೋಡುವ ಅಭ್ಯಾಸ ತಂದೆಯವರಿಗಿದ್ದರೆ ಅದಕ್ಕೂ ತೊಂದರೆಯಿಲ್ಲ; ಕ್ಯಾಲೆಂಡರಿನ ರಾಹುಕಾಲ ಏಳೂವರೆ, ಒಂಬತ್ತು, ಹತ್ತೂವರೆ ಎಂದು ಅರ್ಧ ಗಂಟೆಯ ಗೆರೆಗಳ ಮೇಲೆಯೇ ಕೂತಿರುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ನಿವೃತ್ತಿಯ ವಯಸ್ಸಿನವರಿಗೆ ಚಾಳೀಸು ಬಂದಿರುತ್ತದೆ. 0.7 ಮಿಲಿಮೀಟರ್ ಅಂತರದ 144 ಗೆರೆಗಳು ಕನ್ನಡಕವಿಲ್ಲದ ಕಣ್ಣಿಗೆ ಕಲಸಿಹೋಗುತ್ತವೆ, ಐದು ನಿಮಿಷದ ಗಡಿಯಾರ ಆಗ ಕಾಲು ಗಂಟೆಯ ಗಡಿಯಾರವಾಗುತ್ತದೆ. ಆದ್ದರಿಂದ 40 ಮಿಲಿಮೀಟರಿಗೆ ಕಡಿಮೆಯಿಲ್ಲದ, ಬಿಳಿಯ ಅಥವಾ ದಂತದ ಬಣ್ಣದ ಡಯಲಿನ ಮೇಲೆ ಕಪ್ಪು ಮುಳ್ಳಿರುವ, ಕಾಲು ಮತ್ತು ಅರ್ಧ ಗಂಟೆಯ ಗೆರೆಗಳು ಉಳಿದವಕ್ಕಿಂತ ಉದ್ದವಾಗಿರುವ ಗಡಿಯಾರವನ್ನೇ ಆರಿಸಿ. ಮುಳ್ಳಿನ ತುದಿ ಗೆರೆಗಳನ್ನು ಮುಟ್ಟುವಷ್ಟು ಉದ್ದವಾಗಿರಬೇಕು; ಗೆರೆಗೂ ತುದಿಗೂ ನಡುವೆ ಖಾಲಿ ಜಾಗ ಬಿಟ್ಟಿರುವ ವಿನ್ಯಾಸಗಳು ಚಿತ್ರದಲ್ಲಿ ಅಂದವಾಗಿ ಕಾಣುತ್ತವೆ, ಕೈಯ ಮೇಲೆ ಕಾಡುತ್ತವೆ.

ತಾತನವರ ಜನತಾಕ್ಕೆ ದಯವಿಟ್ಟು ಕೈ ಹಾಕಿಸಬೇಡಿ. ಅದರ ಗಂಟೆ ಮುಳ್ಳು ಗಿಡ್ಡ, ಅಂಚಿನ ಗೆರೆಗಳಿಗೆ ಎಟಕುವುದಿಲ್ಲ. ಗೆರೆಗಳಾದರೋ 144 ಅಲ್ಲ, 60. ನಿಮಿಷದ ಮುಳ್ಳು ತೆಗೆಯಬೇಕಾದರೆ ಅದರ ಮೇಲೆ ಕೂತಿರುವ ಸೆಕೆಂಡಿನ ಮುಳ್ಳನ್ನು ಮೊದಲು ಕೀಳಬೇಕು, ಹಾಗೆ ಕೀಳುವಾಗ ಡಯಲಿಗೆ ಗೀರು ಬೀಳುವುದು ನಾನು ಎಷ್ಟೋ ಸಲ ಕಂಡ ಅನಾಹುತ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಹಳೆಯ ಅಸಲಿ ಡಯಲು, ಅಸಲಿ ಮುಳ್ಳು ಈಗ ಸುಲಭವಾಗಿ ಸಿಗುವುದಿಲ್ಲ, ಮಾರುಕಟ್ಟೆಯಲ್ಲಿ ತುಂಬಿರುವುದು ಮರುಬಣ್ಣ ಬಳಿದ ಡಯಲುಗಳು. ಅದನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ ಇದ್ದ ಹಾಗೆಯೇ ಇಟ್ಟುಕೊಳ್ಳಿ. ಉಡುಗೊರೆ ಕೊಳ್ಳುವ ಮೊದಲು ಒಂದು ವಾರ ತಂದೆಯವರ ಕೈಗೆ ಆ ಜನತಾವನ್ನೇ ಕಟ್ಟಿ, ಗಂಟೆ ಮುಳ್ಳನ್ನು ಮಾತ್ರ ನೋಡಿ ಹೊತ್ತು ಹೇಳಲು ಕೇಳಿ. ಗೆರೆಗೆ 12 ನಿಮಿಷದ ಲೆಕ್ಕ ಅವರಿಗೆ ಮೂರು ದಿನದಲ್ಲಿ ಕೈವಶವಾದರೆ ಹೊಸ ಗಡಿಯಾರ ಕೊಳ್ಳಿ. ನಾಲ್ಕನೆಯ ದಿನವೂ ಅವರ ಕಣ್ಣು ನಿಮಿಷದ ಮುಳ್ಳನ್ನೇ ಹುಡುಕುತ್ತಿದ್ದರೆ, ಆ ದುಡ್ಡಿನಲ್ಲಿ ಜನತಾಕ್ಕೆ ಒಂದು ಒಳ್ಳೆಯ ಚರ್ಮದ ಪಟ್ಟಿ ಹಾಕಿಸಿಕೊಡಿ.